ನರೆಯೂ ಬಣ್ಣವೂ

ಮನುಷ್ಯದೇಹದ ಅಂಗಗಳಲ್ಲಿ ಕೂದಲಿನಷ್ಟು ವಿಚಿತ್ರವಾದುದು ಮತ್ತೊಂದಿಲ್ಲ. ಕತ್ತರಿಸಿದರೆ ಅದಕ್ಕೆ ನೋವಿಲ್ಲ. ಬಿಟ್ಟರೆ ತಾನಾಗಿ ಬೆಳೆಯುತ್ತದೆ. ಚರ್ಮವನ್ನು ದಾಟಿ ಹೊರಗೆ ಬಂದ ಭಾಗದಲ್ಲಿ ಜೀವವೇ ಇಲ್ಲ. ಆದರೂ ಈ ನಿರ್ಜೀವವಾದ ಎಳೆಗಳಿಗೆ ಜನರು ಹೊರಿಸಿರುವ ಅರ್ಥಗಳಿಗೆ ಲೆಕ್ಕವಿಲ್ಲ. ಮಗುವಿನ ಚೌಲ, ಮದುವಣಗಿತ್ತಿಯ ಮೊಗ್ಗಿನ ಜಡೆ, ಹರಕೆ ಹೊತ್ತವರ ಮುಡಿ, ಸಂನ್ಯಾಸಿಯ ಮುಂಡನ, ಹೀಗೆ ಬಾಳಿನ ಒಂದೊಂದು ಘಟ್ಟವೂ ತನ್ನ ಗುರುತನ್ನು ತಲೆಯ ಮೇಲೆಯೇ ಬರೆದು ಹೋಗುತ್ತದೆ. ಕಟ್ಟಕಡೆಗೆ ಯಾರೂ ಬರೆಯದೆ ತಾನಾಗಿ ಮೂಡುವ ಬರೆಹವೊಂದುಂಟು, ಅದೇ ನರೆ.

ಈ ಕೊನೆಯ ಬರೆಹವನ್ನು ಮುಚ್ಚಲು ಮನುಷ್ಯನು ಬಹುಕಾಲದಿಂದ ಯತ್ನಿಸುತ್ತ ಬಂದಿದ್ದಾನೆ. ಮುಚ್ಚಿದುದನ್ನು ತೆರೆಯುವ ಯತ್ನವೂ ಈಗ ಮನೆಮನೆಗಳಲ್ಲಿ ಕಾಣುತ್ತಿದೆ. ಹತ್ತು ಹದಿನೈದು ವರ್ಷ ಗೋರಂಟಿಯನ್ನೋ ಅಂಗಡಿಯ ಕಪ್ಪನ್ನೋ ಹಚ್ಚುತ್ತ ಬಂದವರು ಒಂದು ದಿನ ‘ಇನ್ನು ಸಾಕು’ ಎಂದುಕೊಂಡು, ನಿಂಬೆಯ ಹಣ್ಣು, ಅಡಿಗೆಯ ಸೋಡ, ಬಿಸಿಯೆಣ್ಣೆ ಮುಂತಾದುವನ್ನು ಮುಂದಿಟ್ಟುಕೊಂಡು ಬಣ್ಣ ಕಳೆಯಲು ಕುಳಿತುಕೊಳ್ಳುತ್ತಾರೆ. ಇದು ಮೇಲುನೋಟಕ್ಕೆ ಬಚ್ಚಲುಮನೆಯ ವಿಷಯ. ಆದರೆ ಇದರೊಳಗೆ ಮೂರು ಪ್ರಶ್ನೆಗಳು ಅಡಗಿವೆ. ಬಣ್ಣ ಹಚ್ಚಿದುದು ಸುಳ್ಳೆ? ಅದನ್ನು ಕಳೆಯುವುದು ಸತ್ಯಕ್ಕೆ ಮರಳುವುದೆ? ಮಾಡಿದುದನ್ನು ಮಾಡದಂತೆ ಮಾಡಲು ಮನುಷ್ಯನಿಗೆ ಸಾಧ್ಯವೆ? ಪ್ರಾಜ್ಞರು ಇವನ್ನು ಅಲ್ಪವೆಂದು ತಳ್ಳಿಬಿಡಲಾಗದು.

ಹಾಸನದ ಸೀಮೆಯವರಿಗೆ ಈ ವಿಚಾರವು ದೂರದ್ದಲ್ಲ. ಯಗಚಿಯ ದಡದ ಬೇಲೂರಿನಲ್ಲಿ ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದ ದೇವರ ಹೆಸರು ಚೆನ್ನಕೇಶವ. ‘ಕೇಶವ’ ಎಂಬುದಕ್ಕೆ ಹಿರಿಯರು ಹೇಳುವ ಅರ್ಥಗಳಲ್ಲಿ ‘ಸುಂದರವಾದ ಕೇಶವುಳ್ಳವನು’ ಎಂಬುದೂ ಒಂದು. ಆ ಗುಡಿಯ ಮದನಿಕೆಯರಲ್ಲಿ ಒಬ್ಬಳು ಕನ್ನಡಿ ಹಿಡಿದು ತನ್ನ ಮುಖವನ್ನು ತಾನೇ ನೋಡಿಕೊಳ್ಳುತ್ತಾಳೆ. ಅವರ ತುರುಬು, ಜಡೆ, ಮುಂಗುರುಳುಗಳ ಬಗೆಗಳನ್ನು ಎಣಿಸಿ ಮುಗಿಸುವುದು ಕಷ್ಟ. ಸಿಂಗಾರವು ಪಾಪವೆಂದು ಆ ಶಿಲ್ಪಿಗಳು ಎಣಿಸಿದ್ದರೆ ಅದನ್ನು ದೇವರ ಮನೆಯ ಗೋಡೆಗೆ ಏರಿಸುತ್ತಿರಲಿಲ್ಲ. ಆದರೆ ಅಲ್ಲಿಂದ ಹೆಚ್ಚು ದೂರವಿಲ್ಲದ ಹಳೇಬೀಡಿನ ಬಸದಿಗಳಲ್ಲಿ ಬೇರೊಂದು ದೃಷ್ಟಿ ನಿಂತಿದೆ. ಅಲ್ಲಿ ದಿಗಂಬರ ತೀರ್ಥಂಕರನಿಗೆ ಒಡವೆಯಿಲ್ಲ, ವಸ್ತ್ರವಿಲ್ಲ. ಜೈನ ಮುನಿಗಳು ದೀಕ್ಷೆಯ ಕಾಲದಲ್ಲಿಯೂ ಆಮೇಲೆ ಆಗಾಗಲೂ ತಮ್ಮ ಕೂದಲನ್ನು ಕೈಯಿಂದಲೇ ಕಿತ್ತು ತೆಗೆಯುವ ಕೇಶಲೋಚವೆಂಬ ವ್ರತವು ಈ ಜಿಲ್ಲೆಯ ಶ್ರವಣಬೆಳಗೊಳದ ಯಾತ್ರಿಕರಿಗೆ ಪರಿಚಿತವಾದುದೇ. ಕೂದಲನ್ನು ಕೊಂಡಾಡಿದ ಕಲ್ಲೂ ಕೂದಲನ್ನು ತೊರೆದ ಕಲ್ಲೂ ಒಂದೇ ರಾಜ್ಯದಲ್ಲಿ, ಒಂದೇ ಶತಮಾನದಲ್ಲಿ, ನೆರೆಹೊರೆಯಲ್ಲಿ ಎದ್ದು ನಿಂತವು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ೨೦೨೩ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದುವು. ಆದರೆ ಈ ಎರಡು ದೃಷ್ಟಿಗಳ ವ್ಯಾಜ್ಯವು ಇನ್ನೂ ತೀರ್ಮಾನವಾಗಿಲ್ಲ.

ಗ್ರಂಥಗಳಲ್ಲಿಯೂ ಇದೇ ದ್ವಂದ್ವ. ಕಾಳಿದಾಸನ ರಘುವಂಶದಲ್ಲಿ ಮುಪ್ಪು ನರೆಗೂದಲಿನ ವೇಷದಿಂದ ದಶರಥನ ಕಿವಿಯ ಬಳಿಗೆ ಬಂದು, ರಾಮನಿಗೆ ರಾಜ್ಯವನ್ನು ಒಪ್ಪಿಸೆಂದು ಗುಟ್ಟಾಗಿ ಹೇಳುತ್ತದೆ. ಬೌದ್ಧರ ಜಾತಕದಲ್ಲಿ ಮಖಾದೇವನೆಂಬ ಅರಸನು ಕ್ಷೌರಿಕನು ತೋರಿಸಿದ ಮೊದಲನೆಯ ಬಿಳಿಯ ಎಳೆಯನ್ನು ಕಂಡೊಡನೆ ಸಿಂಹಾಸನವನ್ನು ಬಿಟ್ಟು ತಪಸ್ಸಿಗೆ ಹೊರಡುತ್ತಾನೆ. ಇವರ ಪಾಲಿಗೆ ನರೆಯು ಒಬ್ಬ ದೂತ. ದೂತನ ಬಾಯನ್ನು ಮುಚ್ಚುವುದು ಅವಿವೇಕ. ಆಯುರ್ವೇದದವರಾದರೋ ನರೆಯನ್ನು ‘ಪಲಿತ’ವೆಂದು ಕರೆದು ಕ್ಷುದ್ರರೋಗಗಳ ಸಾಲಿಗೆ ಸೇರಿಸಿ, ಅದಕ್ಕೆ ಭೃಂಗರಾಜ, ನೀಲಿ ಮೊದಲಾದ ಗಿಡಗಳ ಚಿಕಿತ್ಸೆಯನ್ನು ಹೇಳಿದರು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಗಂಧಯುಕ್ತಿಯ ಅಧ್ಯಾಯವನ್ನು ಆರಂಭಿಸುವುದೇ ಕೂದಲನ್ನು ಕಪ್ಪುಮಾಡುವ ಕ್ರಮದಿಂದ: ತಲೆ ನರೆತವನಿಗೆ ಹೂವೂ ಒಡವೆಯೂ ಒಪ್ಪವೆಂದು ಹೇಳಿ, ಹಾರಕವನ್ನು ಕಬ್ಬಿಣದ ಪಾತ್ರೆಯಲ್ಲಿ ಹುಳಿಯೊಡನೆ ಬೇಯಿಸಿ ಕಬ್ಬಿಣದ ಪುಡಿ ಸೇರಿಸಿ ಅರೆದು ಹಚ್ಚುವ ವಿಧಾನವನ್ನು ಕೊಡುತ್ತಾನೆ. ಬಣ್ಣ ಹಚ್ಚುವುದು ಹೊಸ ಕಾಲದ ಚಾಪಲ್ಯವೆಂದು ದೂರುವವರು ಈ ಪುಟವನ್ನು ನೋಡಿಲ್ಲವೆಂದೇ ಹೇಳಬೇಕು.

ಇನ್ನು ಪೂರ್ವಪಕ್ಷ. ‘ಇಲ್ಲದ ಪ್ರಾಯವನ್ನು ಇದೆಯೆಂದು ತೋರಿಸುವುದು ಸುಳ್ಳು, ಸುಳ್ಳು ನಾಲಗೆಯದಾದರೇನು, ತಲೆಯದಾದರೇನು?’ ಎಂದು ಕೆಲವರು ಕೇಳುತ್ತಾರೆ. ಈ ವಾದಕ್ಕೆ ಬಲವುಂಟು. ಆದರೆ ಸುಳ್ಳಿನ ಲಕ್ಷಣವನ್ನು ಸರಿಯಾಗಿ ಗೊತ್ತುಮಾಡಿಕೊಳ್ಳದೆ ತೀರ್ಪು ಕೊಡಬಾರದು. ಒಬ್ಬನ ಮಾತನ್ನೋ ರೂಪವನ್ನೋ ನಂಬಿ ಮತ್ತೊಬ್ಬನು ಒಂದು ನಿರ್ಧಾರವನ್ನು ಕೈಕೊಂಡು ಅದರಿಂದ ಕೆಟ್ಟರೆ, ಅಲ್ಲಿ ವಂಚನೆ ಉಂಟು. ಹೆಣ್ಣು ನೋಡಲು ಬಂದವರ ಮುಂದೆ ವರನ ಪ್ರಾಯವನ್ನು ಮರೆಸಲು ಅವನ ತಲೆಯನ್ನು ಕಪ್ಪುಮಾಡಿ ಕೂರಿಸಿದರೆ ಅದು ನಿಸ್ಸಂದೇಹವಾಗಿ ಸುಳ್ಳು. ಅದೇ ಮನುಷ್ಯನು ಹತ್ತು ವರ್ಷಗಳ ಮೇಲೆ, ತನ್ನ ಪ್ರಾಯವನ್ನು ಬಲ್ಲ ಹೆಂಡತಿಮಕ್ಕಳ ನಡುವೆ ಅದೇ ಕಪ್ಪನ್ನು ಹಚ್ಚಿಕೊಂಡರೆ ಯಾರು ಮೋಸಹೋದರು? ಅದು ಮಡಿಯಾದ ಪಂಚೆಯನ್ನುಟ್ಟಂತೆ, ಹಣೆಗೆ ಕುಂಕುಮವಿಟ್ಟಂತೆ ಒಂದು ಅಲಂಕಾರ ಮಾತ್ರ. ಬಣ್ಣ ಒಂದೇ, ಅದರ ಧರ್ಮಾಧರ್ಮವು ಅದನ್ನು ಯಾರ ಕಣ್ಣಿಗೆ, ಯಾವ ಉದ್ದೇಶಕ್ಕೆ ಒಡ್ಡಿದೆ ಎಂಬುದರಿಂದ ನಿಶ್ಚಯವಾಗುತ್ತದೆ.

ಇದಕ್ಕೆ ಒಂದು ಒಳ್ಳೆಯ ನಿದರ್ಶನವು ಅರಸೀಕೆರೆಯ ಪೇಟೆಯಂಥ ಕಡೆಗಳಲ್ಲಿಯೇ ದೊರೆಯುತ್ತದೆ. ಮುಸಲ್ಮಾನರಲ್ಲಿ ಹಿರಿಯರನೇಕರು ಬಿಳಿಯ ಗಡ್ಡಕ್ಕೆ ಗೋರಂಟಿ ಹಚ್ಚುವುದುಂಟು. ಆ ಕೆಂಪು ಗಡ್ಡವನ್ನು ಕಂಡು ಅದು ಯೌವನದ ಗಡ್ಡವೆಂದು ಭ್ರಮಿಸುವವನು ಯಾವನೂ ಇಲ್ಲ. ಅದು ಮುಪ್ಪನ್ನು ಮುಚ್ಚುವುದಿಲ್ಲ, ಮುಪ್ಪಿಗೆ ಒಂದು ಗೌರವದ ಬಣ್ಣವನ್ನು ಕೊಡುತ್ತದೆ. ಅವರ ಧರ್ಮಶಾಸ್ತ್ರಜ್ಞರಲ್ಲಿ ಅನೇಕರು ಗೋರಂಟಿಯನ್ನು ಒಪ್ಪಿ ಅಚ್ಚಗಪ್ಪನ್ನು ಮಾತ್ರ ಬೇಡವೆಂದುದರಲ್ಲಿ ಈ ಸೂಕ್ಷ್ಮವು ಅಡಗಿದೆ. ಬಣ್ಣವೆಲ್ಲ ಮುಸುಕಲ್ಲ, ತಾನು ಬಣ್ಣವೆಂದು ತಾನೇ ಸಾರುವ ಬಣ್ಣವೂ ಉಂಟು.

ಹಾಗಾದರೆ ಕಳೆಯುವುದರ ವಿಚಾರವೇನು? ಅರಸೀಕೆರೆಯ ಒಂದು ಗೃಹಸ್ಥಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಮನೆಯ ಯಜಮಾನಿಗೆ ಐವತ್ತೆರಡು ವರ್ಷ. ಮೂವತ್ತೇಳರಲ್ಲಿ ಮೊದಲ ನರೆ ಕಾಣಿಸಿದಂದಿನಿಂದ ಗೋರಂಟಿ, ಆಮೇಲೆ ಅದರ ಮೇಲೆ ನೀಲಿಸೊಪ್ಪಿನ ಪುಡಿ, ಆಮೇಲೆ ಪೊಟ್ಟಣದ ಕಪ್ಪು. ಈಗ ಬಣ್ಣವನ್ನು ಬಿಡಬೇಕೆಂದು ಆಕೆಗೆ ಮನಸ್ಸಾಗಿದೆ. ಮಗಳ ಮದುವೆ ಮೂರು ತಿಂಗಳಲ್ಲಿ. ‘ಅಮ್ಮಾ, ಮದುವೆ ಮುಗಿಯುವವರೆಗಾದರೂ ಇರಲಿ. ಬೀಗರ ಕಡೆಯವರೆಲ್ಲ ಬರುತ್ತಾರೆ’ ಎಂದು ಮಗಳು ಬೇಡುತ್ತಾಳೆ. ‘ಇಷ್ಟು ವರ್ಷ ಜನಕ್ಕೋಸ್ಕರ ಹಚ್ಚಿದೆನಮ್ಮ, ಇನ್ನು ಬಿಡುವುದಕ್ಕೂ ಜನರನ್ನೇ ಕೇಳಬೇಕೆ?’ ಎಂದು ತಾಯಿಯ ಉತ್ತರ. ನಾದಿನಿಯೊಬ್ಬಳು, ‘ಅತ್ತಿಗೆ, ನಿಂಬೆರಸ ಹಚ್ಚಿ ಬಿಸಿಲಿಗೆ ಕುಳಿತರೆ ಎರಡು ವಾರದಲ್ಲಿ ಎಲ್ಲ ಹೋಗುತ್ತದೆ’ ಎಂದು ಭರವಸೆ ಕೊಡುತ್ತಾಳೆ. ಮೂವರ ಮಾತಿನಲ್ಲಿಯೂ ಪ್ರೀತಿಯಿದೆ; ಮೂವರ ಮಾತಿನಲ್ಲಿಯೂ ಒಂದೊಂದು ಭ್ರಮೆಯಿದೆ. ಮಗಳದು, ಗೌರವವು ಕಪ್ಪು ಕೂದಲಿನಲ್ಲಿದೆ ಎಂಬುದು. ನಾದಿನಿಯದು, ವರ್ಷಗಳ ಕೆಲಸವನ್ನು ವಾರಗಳಲ್ಲಿ ಅಳಿಸಬಹುದೆಂಬುದು. ತಾಯಿಯದು ಹೆಚ್ಚು ಸೂಕ್ಷ್ಮವಾದುದು: ಬಣ್ಣ ಹೋದ ಕ್ಷಣವೇ ಜನರ ಕಣ್ಣಿನಿಂದ ತನಗೆ ಬಿಡುಗಡೆಯೆಂಬುದು.

ಇವುಗಳಲ್ಲಿ ನಾದಿನಿಯ ಭ್ರಮೆಯನ್ನು ಪದಾರ್ಥವಿಜ್ಞಾನವೇ ಪರಿಹರಿಸುತ್ತದೆ. ಗೋರಂಟಿಯ ಎಲೆಯಲ್ಲಿ ಲಾಸೋನ್ ಎಂಬ ಕೆಂಬಣ್ಣದ ದ್ರವ್ಯವುಂಟು. ಅದು ಕೂದಲಿನ ಮೈಗೆ ಧೂಳಿನಂತೆ ಅಂಟಿಕೊಳ್ಳುವುದಲ್ಲ. ಕೂದಲು ಯಾವ ಕೆರಾಟಿನ್ ಎಂಬ ದ್ರವ್ಯದಿಂದ ಆಗಿದೆಯೋ ಅದರೊಡನೆಯೇ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ತೊಳೆದರೆ ಹೋಗುವ ಸಂಬಂಧವಲ್ಲ ಅದು. ಪೊಟ್ಟಣದ ಬಣ್ಣಗಳ ಮರ್ಮವು ಇನ್ನೊಂದು ಬಗೆಯದು. ಫ್ರಾನ್ಸಿನ ಯೂಜೀನ್ ಶುಯೆಲ್ಲರ್ ಎಂಬ ರಸಾಯನಜ್ಞನು ೧೯೦೭ರಲ್ಲಿ ಇಂಥ ಕೃತಕ ಬಣ್ಣವೊಂದನ್ನು ಸಿದ್ಧಪಡಿಸಿದನು. ಇವುಗಳಲ್ಲಿ ಕ್ಷಾರವು ಕೂದಲಿನ ಹೊರಪದರವನ್ನು ಉಬ್ಬಿಸಿ ದಾರಿ ಮಾಡಿಕೊಡುತ್ತದೆ. ಪ್ಯಾರಾಫಿನೈಲೀನ್‌ಡಯಮೀನ್ ಮೊದಲಾದ ಸಣ್ಣ ಕಣಗಳು ಒಳಹೊಕ್ಕು, ಅಲ್ಲಿ ಹೈಡ್ರೋಜನ್ ಪೆರಾಕ್ಸೈಡಿನ ಸಹಾಯದಿಂದ ಒಂದರೊಡನೊಂದು ಕೂಡಿ ದೊಡ್ಡವಾಗುತ್ತವೆ. ಒಳಗೆ ಹೋಗುವಾಗ ಸಣ್ಣವು. ಬೆಳೆದ ಮೇಲೆ ಬಂದ ಬಾಗಿಲಿನಿಂದ ಹೊರಡಲಾರವು. ಮನುಷ್ಯನ ಚಟಗಳೂ ಹೀಗೆಯೇ ಅಲ್ಲವೆ?

ಆದುದರಿಂದ ಮನೆಯ ಮದ್ದುಗಳ ಶಕ್ತಿ ಬಹಳ ಸ್ವಲ್ಪ. ಸೋಡದಂಥ ಕ್ಷಾರವು ಮೇಲ್ಪದರವನ್ನು ಎಬ್ಬಿಸಿ ಸ್ವಲ್ಪ ಬಣ್ಣವನ್ನು ಸಡಿಲಿಸುವುದಾದರೂ ಕೂದಲನ್ನು ಒರಟಾಗಿ ಮಾಡುತ್ತದೆ. ನಿಂಬೆರಸವನ್ನು ಹಚ್ಚಿ ಬಿಸಿಲಿಗೆ ಕುಳಿತವರ ಹಣೆಯ ಚರ್ಮವು ಸುಟ್ಟು ಕಲೆಬೀಳುವುದುಂಟು. ಅರಸೀಕೆರೆಯ ಸೀಮೆಗೆ ಹೆಸರು ತಂದ ತೆಂಗಿನ ಎಣ್ಣೆಯು ಬಣ್ಣವನ್ನು ಕಳೆಯುವುದೆಂದು ನೆಚ್ಚುವಂತಿಲ್ಲ. ಆದರೆ ಅದು ಕೂದಲಿನೊಳಕ್ಕೆ ಇಳಿದು ಅದರ ಸಾರವು ಸೋರಿಹೋಗದಂತೆ ಕಾಪಾಡುವುದೆಂದು ೨೦೦೩ರಲ್ಲಿ ಪ್ರಕಟವಾದ ಭಾರತೀಯ ವಿಜ್ಞಾನಿಗಳ ಪರೀಕ್ಷೆಯೊಂದು ತೋರಿಸಿತು. ನಿಜವಾಗಿ ಬಣ್ಣವನ್ನು ಕಳೆಯಬಲ್ಲುದು ಪೆರಾಕ್ಸೈಡು. ಆದರೆ ಅದು ಹಚ್ಚಿದ ಬಣ್ಣವೆಂದೂ ಹುಟ್ಟಿದ ಬಣ್ಣವೆಂದೂ ಭೇದವೆಣಿಸುವುದಿಲ್ಲ. ಗೋರಂಟಿಯ ತಲೆಯನ್ನು ಅದು ಹಳೆಯ ಸ್ಥಿತಿಗೆ ತರುವುದರ ಬದಲು ಕಿತ್ತಳೆಯ ಬಣ್ಣಕ್ಕೆ ತಿರುಗಿಸುತ್ತದೆ. ನೀಲಿ ಸೇರಿದ ಕೂದಲು ಅದರಿಂದ ಹಸುರಾಗುವುದೂ ಉಂಟು. ಸೀಸ ತಾಮ್ರಗಳ ಲವಣವನ್ನು ಬೆರೆಸಿದ ಹೆಸರುಗೆಟ್ಟ ಪುಡಿಗಳ ಮೇಲೆ ಅದು ಬಿದ್ದರೆ ಕೂದಲು ಕಾದು ತುಂಡುತುಂಡಾಗಿ ಉದುರೀತು. ಬಟ್ಟೆಗೂ ನೆಲಕ್ಕೂ ಬಳಸುವ ಬ್ಲೀಚಿನ ದ್ರಾವಣವು ಕೂದಲನ್ನೇ ಕರಗಿಸುವಂಥದು. ಅದನ್ನು ತಲೆಯ ಹತ್ತಿರಕ್ಕೂ ತರಲಾಗದು.

ಇಲ್ಲಿ ಪ್ರಕೃತಿಯ ಒಂದು ಕೌತುಕವನ್ನು ಹೇಳಬೇಕು. ಕೂದಲಿನ ಬುಡದಲ್ಲಿ ದೇಹವೇ ತಯಾರಿಸುವ ಅಲ್ಪ ಪ್ರಮಾಣದ ಹೈಡ್ರೋಜನ್ ಪೆರಾಕ್ಸೈಡು, ಅದನ್ನು ಒಡೆಯುವ ಶಕ್ತಿ ಪ್ರಾಯದೊಡನೆ ಕುಂದಿದಾಗ, ಅಲ್ಲಿಯೇ ಕೂಡಿಕೊಂಡು ನರೆಗೆ ಕಾರಣವಾಗುವುದೆಂದು ೨೦೦೯ರಲ್ಲಿ ಕೆಲವು ಸಂಶೋಧಕರು ಪ್ರಕಟಿಸಿದರು. ಎಂದ ಮೇಲೆ ಅಂಗಡಿಯ ಸೀಸೆಯು ಒಂದು ಗಂಟೆಯಲ್ಲಿ ಮಾಡುವ ಕೆಲಸವನ್ನೇ ಕಾಲಪುರುಷನು ಮೂವತ್ತು ವರ್ಷಗಳಲ್ಲಿ ಮಾಡುತ್ತಾನೆ. ದ್ರವ್ಯ ಒಂದೇ, ವೇಗ ಬೇರೆ. ನಿಧಾನವಾಗಿ ಬಂದರೆ ಅದು ನರೆ. ಅವಸರದಲ್ಲಿ ಬಂದರೆ ಅದು ಗಾಯ.

ಈಗ ಮೂರನೆಯ ಪ್ರಶ್ನೆಗೆ ಉತ್ತರ ಹೊಳೆಯುತ್ತದೆ. ಮಾಡಿದುದನ್ನು ಮಾಡದಂತೆ ಮಾಡಲು ಆಗದು. ಬಣ್ಣ ಹಚ್ಚಿದ ಎಳೆಯಿಂದ ಬಣ್ಣವನ್ನು ಕಿತ್ತರೆ ದೊರೆಯುವುದು ಬಣ್ಣ ಹಚ್ಚದ ಎಳೆಯಲ್ಲ, ಎರಡು ಸಲ ಪೆಟ್ಟು ತಿಂದ ಎಳೆ. ಶಿಲ್ಪವನ್ನು ಕಾಪಾಡುವವರು ಈ ಸತ್ಯವನ್ನು ಅರಿತಿದ್ದಾರೆ. ಭಾರತದ ಪುರಾತತ್ತ್ವ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಜಾನ್ ಮಾರ್ಷಲ್ ೧೯೨೩ರಲ್ಲಿ ಪ್ರಕಟಿಸಿದ ಸಂರಕ್ಷಣೆಯ ಕೈಪಿಡಿಯ ತಿರುಳೇ ಅದು: ಮುರಿದ ಮೂರ್ತಿಗೆ ಹೊಸ ಕೈಯನ್ನು ಕೆತ್ತಿ ಕೂರಿಸುವುದಕ್ಕಿಂತ ಉಳಿದುದನ್ನು ಉಳಿಸುವುದು ಮೇಲು. ೧೩೧೧ರ ದಂಡಯಾತ್ರೆಯಿಂದಲೂ ಅನಂತರದ ದಾಳಿಗಳಿಂದಲೂ ನೊಂದ ದ್ವಾರಸಮುದ್ರದಲ್ಲಿ ಹೊಯ್ಸಳೇಶ್ವರನ ಗುಡಿ ಇಂದಿಗೂ ಶಿಖರವಿಲ್ಲದೆಯೇ ನಿಂತಿದೆ. ಯಾರೂ ಅದನ್ನು ಸುಳ್ಳು ಗುಡಿಯೆನ್ನುವುದಿಲ್ಲ. ಬಳಪದ ಕಲ್ಲಿನ ಮೇಲೆ ಕುಳಿತ ಕೊಳೆಯನ್ನು ತೆಗೆಯಲು ಉಗ್ರವಾದ ಆಮ್ಲವನ್ನು ಸುರಿದರೆ ಕೊಳೆಯೊಡನೆ ಕುಸುರಿಯೂ ಹೋಗುತ್ತದೆ.

ಆದರೆ ಕಲ್ಲಿಗಿಲ್ಲದ ಭಾಗ್ಯವೊಂದು ಕೂದಲಿಗುಂಟು: ಅದು ಬೆಳೆಯುತ್ತದೆ. ತಿಂಗಳಿಗೆ ಸುಮಾರು ೧ ಸೆಂಟಿಮೀಟರಿನಂತೆ ಬುಡದಿಂದ ಹೊಸದು ಹೊರಡುತ್ತದೆ. ೬೦ ಸೆಂಟಿಮೀಟರಿನ ಜಡೆಯು ಪೂರ್ತಿ ಹೊಸದಾಗಲು ಹತ್ತಿರ ಹತ್ತಿರ ೫ ವರ್ಷ ಬೇಕು. ಹಳೆಯ ಬಣ್ಣವನ್ನು ಯಾರೂ ಕಳೆಯಬೇಕಾಗಿಲ್ಲ. ಹೊಸದಾಗಿ ಹಚ್ಚದಿದ್ದರೆ ಸಾಕು, ಅದು ತುದಿಯತ್ತ ಸರಿಯುತ್ತ ಹೋಗಿ ಒಂದು ದಿನ ಕತ್ತರಿಯ ಬಾಯಿಗೆ ಬೀಳುತ್ತದೆ. ಪ್ರಾಯಶ್ಚಿತ್ತದ ತತ್ತ್ವವೂ ವಿಚಾರಿಸಿದರೆ ಇಷ್ಟೇ. ಕಳೆದುದನ್ನು ಉಜ್ಜಿ ಅಳಿಸುವುದು ಪ್ರಾಯಶ್ಚಿತ್ತವಲ್ಲ. ಮುಂದೆ ಮಾಡದೆ ಇರುವುದೂ, ಆ ನಡುವಣ ಕಾಲದ ಎರಡು ಬಣ್ಣದ ತಲೆಯನ್ನು ಹೊತ್ತು ನಾಲ್ಕು ಜನರ ಮುಂದೆ ನಡೆಯುವುದೂ ಪ್ರಾಯಶ್ಚಿತ್ತ. ಬುಡದಲ್ಲಿ ಬಿಳಿ, ತುದಿಯಲ್ಲಿ ಕೆಂಪು ಇರುವ ತಲೆಯನ್ನು ಕಂಡು ನಗುವವರುಂಟು. ಆದರೆ ಅಷ್ಟು ಪ್ರಾಮಾಣಿಕವಾದ ತಲೆ ಬೇರೊಂದಿಲ್ಲ. ಅದು ಹಿಂದಿನದನ್ನೂ ಅಡಗಿಸುವುದಿಲ್ಲ, ಇಂದಿನದನ್ನೂ ಅಡಗಿಸುವುದಿಲ್ಲ.

ಇನ್ನು ತಾಯಿಯ ಮಾತಿಗೆ ಬರಬೇಕು. ಈ ವಿಷಯದ ಭಾರವೆಲ್ಲ ಅಲ್ಲಿಯೇ ಇದೆ. ಗಂಡಸಿನ ನರೆಗೆ ಲೋಕವು ಅನುಭವವೆಂದು ಹೆಸರಿಡುತ್ತದೆ. ಹೆಂಗಸಿನ ನರೆಗೆ ಅಲಕ್ಷ್ಯವೆಂದು ಹೆಸರಿಡುತ್ತದೆ. ಹೆಣ್ಣಿನ ತಲೆಯ ಮೇಲೆ ಹೆಣ್ಣಿಗಿಂತ ಹೆಚ್ಚು ಅಧಿಕಾರವನ್ನು ಊರು ನಡಸಿದ ಕಾಲ ಬಹಳ ಹಿಂದಿನದೇನಲ್ಲ. ಗಂಡನನ್ನು ಕಳೆದುಕೊಂಡ ಬಾಲೆಯ ತಲೆಯನ್ನು ಬೋಳಿಸುತ್ತಿದ್ದ ಪದ್ಧತಿ ಕನ್ನಡನಾಡಿನ ಕೆಲವು ಜಾತಿಗಳಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಉಳಿದಿತ್ತು; ಎಂ. ಕೆ. ಇಂದಿರಾ ಅವರು ೧೯೭೬ರಲ್ಲಿ ಬರೆದ ‘ಫಣಿಯಮ್ಮ’ ಕಾದಂಬರಿಯು ಮಲೆನಾಡಿನ ಅಂಥ ಒಬ್ಬ ಬಾಲವಿಧವೆಯ ಬಾಳನ್ನು ಓದುಗರ ಮುಂದಿಟ್ಟಿತು. ಅಂದು ‘ಕೂದಲಿರಕೂಡದು’ ಎಂದ ಊರೇ ಇಂದು ‘ಕೂದಲು ಬೆಳ್ಳಗಿರಕೂಡದು’ ಎನ್ನುತ್ತದೆ. ಆ ಅಪ್ಪಣೆಯ ಕ್ರೌರ್ಯಕ್ಕೂ ಈ ಅಪ್ಪಣೆಯ ಕಿರುಕುಳಕ್ಕೂ ಅಂತರವು ಬಹಳ ದೊಡ್ಡದು, ನಿಜ. ಆದರೆ ಅಪ್ಪಣೆ ಹೊರಡುವ ಪೀಠ ಒಂದೇ. ತಿರುಪತಿಗೆ ಮುಡಿ ಕೊಟ್ಟು ಬಂದವಳನ್ನು ಯಾರೂ ಪ್ರಶ್ನಿಸುವುದಿಲ್ಲ, ಏಕೆಂದರೆ ಆ ತಲೆಯ ಒಡೆತನವನ್ನು ದೇವರು ವಹಿಸಿಕೊಂಡನೆಂದು ಜನರು ಒಪ್ಪುತ್ತಾರೆ. ತನ್ನ ಇಷ್ಟದಿಂದ ನರೆಯನ್ನು ಬಿಟ್ಟವಳನ್ನು ಮಾತ್ರ ನೂರು ಬಾಯಿ ಕೇಳುತ್ತವೆ.

ಆದುದರಿಂದ ಬಣ್ಣ ಬಿಡುವುದೇ ಬಿಡುಗಡೆಯೆಂದು ಯಾರೂ ಭ್ರಮಿಸಬಾರದು. ಹಿಂದೆ ‘ಜನ ಏನೆನ್ನುವರೋ’ ಎಂದು ಹಚ್ಚಿದವರು ಈಗ ‘ನರೆಗೂದಲೇ ಈಗಿನ ರೀತಿ’ ಎಂದು ಕಿತ್ತುಹಾಕಲು ಅವಸರಪಟ್ಟರೆ, ಒಡೆಯನು ಬದಲಾಗಲಿಲ್ಲ, ಅವನ ಉಡುಪು ಮಾತ್ರ ಬದಲಾಯಿತು. ಬಣ್ಣ ಹಚ್ಚುತ್ತಲೇ ಸ್ವತಂತ್ರರಾಗಿರುವವರೂ ಉಂಟು. ಬಣ್ಣ ಬಿಟ್ಟೂ ದಾಸರಾಗಿರುವವರು ಉಂಟು. ಗುರುತು ಒಂದೇ: ಬಣ್ಣದ ಪಾತ್ರೆ ಬರಿದಾದ ದಿನ ಮನಸ್ಸು ಕಳವಳಗೊಳ್ಳದಿದ್ದರೆ ಆ ಬಣ್ಣವು ಅಲಂಕಾರ, ಕಳವಳಗೊಂಡರೆ ಅದು ಸಂಕೋಲೆ.

ಒಟ್ಟಿನಲ್ಲಿ ಗೃಹಸ್ಥರು ಮನಸ್ಸಿಗೆ ತಂದುಕೊಳ್ಳಬಹುದಾದ ಸಿದ್ಧಾಂತ ಇಷ್ಟು. ಯಾರನ್ನೂ ನಂಬಿಸಿ ಕೆಡಿಸದಿರುವವರೆಗೆ ಕೂದಲಿನ ಬಣ್ಣದಲ್ಲಿ ದೋಷವಿಲ್ಲ. ಬೇಡವೆನಿಸಿದಾಗ ಅದನ್ನು ಉಗ್ರವಾದ ದ್ರವ್ಯಗಳಿಂದ ಬಚ್ಚಲಲ್ಲಿ ಕಿತ್ತುಹಾಕಹೋಗಬಾರದು. ಮಾಡಲೇಬೇಕಾದರೆ ತಿಳಿದವರ ಕೈಯಲ್ಲಿ, ಒಂದು ಎಳೆಯ ಮೇಲೆ ಪರೀಕ್ಷಿಸಿ, ಮೆಲ್ಲಮೆಲ್ಲನೆ ಮಾಡಬೇಕು. ಎಣ್ಣೆ, ಸೀಗೆ, ಕತ್ತರಿ, ಕಾಲ ಈ ನಾಲ್ಕನ್ನು ನಂಬಿದವರು ಕೆಟ್ಟಿಲ್ಲ. ಮನೆಯವರ ಕರ್ತವ್ಯವು ಇನ್ನೂ ಸುಲಭ, ಆದುದರಿಂದಲೇ ಇನ್ನೂ ಅಪರೂಪ: ಮದುವೆಯ ಚಪ್ಪರದಲ್ಲಿ ಎರಡು ಬಣ್ಣದ ಕೂದಲಿನ ತಾಯಿ ಎದುರುಗೊಳ್ಳಲು ಬಂದಾಗ ಆಕೆಯ ತಲೆಯನ್ನು ನೋಡದೆ ಮುಖವನ್ನು ನೋಡುವುದು. ಬೇಲೂರಿನ ಶಿಲ್ಪಿಯು ಕನ್ನಡಿಯನ್ನು ಮದನಿಕೆಯ ಕೈಯಲ್ಲಿಯೇ ಇಟ್ಟನು, ನೋಡುವವರ ಕೈಗೆ ಕೊಡಲಿಲ್ಲ. ಒಂಬೈನೂರು ವರ್ಷಗಳಾದ ಮೇಲೆಯೂ ಅದನ್ನು ಆಕೆಯ ಕೈಯಿಂದ ಕಿತ್ತುಕೊಳ್ಳುವ ಹಕ್ಕು ಬೇರೆಯವರಿಗೆ ಬಂದಿಲ್ಲ.